ಹೊಂಗೆಕೊಪ್ಪಲಿನ ಸದ್ದುತೆರೆ

ನಮ್ಮ ಬೀದಿ ದಾಟುವಾಗ ನಡುವಿನಲ್ಲಿ ಕಿವಿಗೆ ಏನೋ ಆಗುತ್ತದೆ. ಸ್ನಾನದಲ್ಲಿ ಕಿವಿಗೆ ಹೊಕ್ಕ ನೀರು ತಟ್ಟನೆ ಹೊರಗೆ ಹೋಗುತ್ತದಲ್ಲ, ಹಾಗೆ. ಅಲ್ಲಿಯವರೆಗೆ ಕೇಳುತ್ತಿದ್ದ ನಮ್ಮ ಮನೆಯ ಮಿಕ್ಸಿ, ಯಜಮಾನರ ಕೆಮ್ಮು, ಎಲ್ಲ ಒಂದು ಹೆಜ್ಜೆಗೆ ನಿಂತುಬಿಡುತ್ತವೆ. ಮುಂದಿನ ಹೆಜ್ಜೆಗೆ ಎದುರು ಮನೆಯ ನಲ್ಲಿ ಸೋರುವುದು ಕೇಳುತ್ತದೆ. ಆ ಎರಡು ಹೆಜ್ಜೆಗಳ ನಡುವೆ ಇರುವುದೇ ಸದ್ದುತೆರೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ.

ರಸ್ತೆಯ ನಡುವೆ ಮಾರಿಗೊಂದರಂತೆ ಬಿಲ್ಲೆಗಳನ್ನು ಹೂತಿದ್ದಾರೆ. ಕೆಲಸ ಮಾಡುವುದೆಲ್ಲ ಅವೇ. ಸದ್ದೆಂದರೆ ಗಾಳಿಯ ಅಲೆ. ಅಲೆ ಏರುವಲ್ಲಿ ಅಷ್ಟೇ ಇಳಿತವನ್ನು, ಇಳಿಯುವಲ್ಲಿ ಅಷ್ಟೇ ಏರನ್ನು ಕೂಡಿಸಿದರೆ ಉಳಿಯುವುದು ಸಪಾಟು ಗಾಳಿ. ಬಿಲ್ಲೆ ಒಂದು ಕಡೆಯ ಸದ್ದನ್ನು ಕೇಳಿಸಿಕೊಂಡು, ಅದು ಗೆರೆ ಮುಟ್ಟುವಷ್ಟರಲ್ಲಿ ಅದರ ತಲೆಕೆಳಗಾದ ಜೋಡಿಯನ್ನು ಹುಟ್ಟಿಸುತ್ತದೆ. ಎರಡೂ ಸೇರಿ ಎರಡೂ ಸಾಯುತ್ತವೆ. ನೋಟಕ್ಕೆ ಅಡ್ಡಿಯಿಲ್ಲ, ವಾಸನೆಗೂ ಅಡ್ಡಿಯಿಲ್ಲ. ಎದುರು ಮನೆಯ ಒಗ್ಗರಣೆಯ ಘಾಟು ನಮ್ಮ ಮೂಗಿಗೆ ಬರುತ್ತದೆ, ಅದರ ಚಟಪಟ ಬರುವುದಿಲ್ಲ.

ಮನೆಗಳನ್ನೂ ಗದ್ದಲದ ಜಾಗಗಳನ್ನೂ ದೂರ ಇಡಬೇಕೆಂಬ ಆಸೆ ತಪ್ಪಲ್ಲ. ಬೇರೆ ಊರುಗಳಲ್ಲಿ ಅದಕ್ಕೆ ನಡುವೆ ಜಾಗ ಬಿಡುತ್ತಾರೆ. ಮೈಸೂರಿನ ಸೆರಗಿಗೆ ಅಂಟಿಕೊಂಡ ನಮ್ಮ ಹೊಂಗೆಕೊಪ್ಪಲಿನಲ್ಲಿ ಬಿಡಲು ಜಾಗವೆಲ್ಲಿದೆ? ಹಿಟ್ಟಿನ ಗಿರಣಿಯ ಪಕ್ಕ ಮನೆ, ಮನೆಯ ಪಕ್ಕ ವೆಲ್ಡಿಂಗ್ ಶೆಡ್ಡು. ಹಾಗಾಗಿ ನಗರಸಭೆ ವಲಯ ನಿಯಮಾವಳಿ ಬರೆದು ವಲಯಕ್ಕೂ ವಲಯಕ್ಕೂ ನಡುವೆ ತೆರೆ ಹಾಕಲು ಹೊರಟಿತು. ಯಾರ ಮನೆಯಲ್ಲಿ ಏನು ನಡೆಯುತ್ತದೆಂದು ಬರೆದುಕೊಂಡು ಬರಲು ಡ್ರೋನುಗಳನ್ನು ಬಿಟ್ಟಿತು. ಬಿಟ್ಟ ದಿನ ಯಾವುದು ಗೊತ್ತೆ? ಆಯುಧಪೂಜೆ. ಜನ ಮನೆಯಲ್ಲಿರುವ ದಿನ ಬೇಕೆಂದು ಯಾವನೋ ಪುಣ್ಯಾತ್ಮ ರಜಾಪಟ್ಟಿ ನೋಡಿ ಆರಿಸಿದ್ದನಂತೆ.

ಆ ದಿನ ಅಟ್ಟದ ಮೇಲಿನದೆಲ್ಲ ಅಂಗಳಕ್ಕೆ ಇಳಿದು ಹೂ ಮುಡಿಯುತ್ತದೆ. ಡ್ರೋನು ಮೇಲಿನಿಂದ ಇಣುಕಿತು. ಹೊಲಿಗೆ ಯಂತ್ರ ಕಂಡಲ್ಲಿ ಸಿದ್ಧ ಉಡುಪು ಘಟಕ ಎಂದಿತು. ನಾಲ್ಕು ಸೈಕಲ್ಲಿದ್ದ ಮನೆಯನ್ನು ಸಾರಿಗೆ ಎಂದಿತು. ಮೂಲೆಮನೆಯ ನಿವೃತ್ತ ಗುಮಾಸ್ತರು ತಮ್ಮ ತಾತನ ಟೈಪ್‌ರೈಟರಿಗೆ ಕುಂಕುಮ ಇಟ್ಟಿದ್ದರಿಂದ ಅವರ ಮನೆ ಕಚೇರಿಯಾಯಿತು. ಬೂದುಗುಂಬಳಕಾಯಿ ಒಡೆದದ್ದನ್ನು ತರಕಾರಿ ಸಂಸ್ಕರಣೆ ಎಂದು ಬರೆದುಕೊಂಡಿತು. ಹೀಗೆ ಮುನ್ನೂರ ಹನ್ನೆರಡು ವಲಯಗಳಾದವು, ಸಾವಿರದ ಚಿಲ್ಲರೆ ಪುಟಗಳ ನಿಯಮಾವಳಿಯಾಯಿತು. ತಪ್ಪು ತಿದ್ದಿ ಎಂದು ಅರ್ಜಿ ಕೊಟ್ಟವರಿಗೆ ಬಂದ ಉತ್ತರ: ಮುಂದಿನ ವರ್ಷ ಇದೇ ದಿನ ಮರುಸಮೀಕ್ಷೆ ನಡೆಯುತ್ತದೆ.

ಒಂದೇ ಒಂದು ವರ್ಷ ಪೂಜೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಪೂಜೆ ಬಿಡುವುದುಂಟೆ? ಮನೆ ಕಾರ್ಖಾನೆಯೆನಿಸಿಕೊಂಡರೂ ಚಿಂತೆಯಿಲ್ಲ, ಯಂತ್ರಕ್ಕೆ ಕುಂಕುಮ ತಪ್ಪಬಾರದು ಎಂದುಕೊಂಡೇ ಹತ್ತೊಂಬತ್ತು ವರ್ಷ ಕಳೆದೆವು. ಬೈಯುವುದಾದರೆ ನನ್ನನ್ನೂ ಸೇರಿಸಿಕೊಂಡು ಬೈಯಿರಿ. ನಮ್ಮ ಒರಳುಕಲ್ಲಿಗೆ ನಾನೂ ಒಂದು ವರ್ಷ ಹೂ ತಪ್ಪಿಸಿಲ್ಲ.

ಜನ ಹೊಂದಿಕೊಂಡರು, ಹೊಂದಿಕೊಳ್ಳದೆ ಏನು ಮಾಡುತ್ತಾರೆ. ಸೊಪ್ಪಿನವಳು ಬೀದಿಯ ಆ ಬದಿಗೊಮ್ಮೆ ಈ ಬದಿಗೊಮ್ಮೆ ಕೂಗಲು ಕಲಿತಳು. ಎದುರು ಮನೆಯವರನ್ನು ಕರೆಯಲು ಹೆಂಗಸರು ಕೈಗನ್ನಡಿ ಹಿಡಿದು ಬಿಸಿಲು ಹೊಳೆಸುತ್ತಿದ್ದರು. ಎದುರಿನ ಜಗಳ ನೋಡಬಹುದು, ಯಾಕೆಂದು ಮಾತ್ರ ತಿಳಿಯದು. ನಮ್ಮ ಬೀದಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ನಾನು ಹೈಮವತಿ. ಹದಿನೇಳನೇ ನಂಬರ್ ಮನೆ. ಎದುರಿನ ಹದಿನೆಂಟರಲ್ಲಿ ಚೆಲುವಾಜಮ್ಮಣ್ಣಿ ಇದ್ದಾಳೆ. ಅಷ್ಟುದ್ದದ ಹೆಸರನ್ನು ನಾನು ಚೆಲೂ ಎಂದು ಮೊಟಕು ಮಾಡಿದ್ದೆ, ಅವಳು ನನ್ನನ್ನು ಹೈಮೂ ಎನ್ನುತ್ತಿದ್ದಳು. ನಮ್ಮ ಗೇಟಿನಿಂದ ಅವಳ ಗೇಟಿಗೆ ಹದಿನಾಲ್ಕು ಹೆಜ್ಜೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಷ್ಟು ಹೆಜ್ಜೆಯನ್ನೂ ನಾವು ನಡೆಯುತ್ತಿರಲಿಲ್ಲ. ಇಬ್ಬರ ಅಡುಗೆಮನೆಯ ಕಿಟಕಿಗಳೂ ಬೀದಿಗೇ ಇದ್ದವು. ಅವಳು ಅಲ್ಲಿ ಹಿಟ್ಟು ನಾದುತ್ತ, ನಾನು ಇಲ್ಲಿ ಹುರಳಿಕಾಯಿ ಮುರಿಯುತ್ತ, ಮುಖ ನೋಡದೆ ಗಂಟೆಗಟ್ಟಲೆ ಮಾತು. “ಹೈಮೂ, ಹಾಲು ಉಕ್ತಿದೆ ನೋಡೇ, ವಾಸ್ನೆ ಇಲ್ಲಿಗೆ ಬಂತು!” ಎನ್ನುವಳು. ಎದುರಿಗೆ ಹೋಗಿ ಕೂತು ಮಾತಾಡುವುದು ಬೇರೆ. ಅವರವರ ಒಲೆಯ ಮುಂದೆ ನಿಂತು ಮಾತಾಡುವುದರಲ್ಲಿ ಇರುವ ಸುಖ ಬೇರೆ. ಒಂಬತ್ತು ವರ್ಷ ಆ ಸುಖ ಉಂಡವಳು ನಾನು. ಈಗಲೂ ಅದಕ್ಕಾಗಿ ಜೀವ ಬಾಯಿಬಿಡುತ್ತದೆ.

ಅವಳ ಮದುವೆ ಆಗಲಿಲ್ಲ. ಶಾಲೆಯಲ್ಲಿ ಟೀಚರಾಗಿದ್ದಳು. ಮನೆಯಲ್ಲಿ ಅವಳು, ಅವಳ ಅಪ್ಪಾಜಿ. ಅಪ್ಪಾಜಿ ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದವರು. ಗುಜರಿಗೆ ಹೋಗಬೇಕಿದ್ದ, ಕಬ್ಬಿಣ ಕಡೆಯುವ ಹಳೆಯ ಲೇತ್ ಯಂತ್ರವೊಂದನ್ನು ತಂದು ಮನೆ ಮುಂದಿನ ಶೆಡ್ಡಿನಲ್ಲಿಟ್ಟು, ದಿನಾ ಎಣ್ಣೆ ಹಾಕಿ ಒರೆಸುತ್ತಿದ್ದರು. ಅದು ಒಂದು ಸುತ್ತೂ ತಿರುಗಿದ್ದನ್ನು ನಾನು ಕಂಡಿಲ್ಲ. ಆಯುಧಪೂಜೆಗೆ ಮಾತ್ರ ಅದಕ್ಕೆ ಮಾರುದ್ದದ ಚೆಂಡುಹೂವಿನ ಹಾರ. ಆ ಹಾರದಿಂದ ಹದಿನೆಂಟನೇ ನಂಬರು ಹಗುರ ಕೈಗಾರಿಕಾ ವಲಯವಾಯಿತು, ನಾವು ವಾಸದ ವಲಯವಾಗಿಯೇ ಉಳಿದೆವು, ನಮ್ಮಿಬ್ಬರ ನಡುವೆ ಬಿಲ್ಲೆ ಹೂತರು. ತೆರೆ ಡಿಸೆಂಬರ್ ಒಂದರಿಂದ ಎಂದು ನೋಟೀಸು ಅಂಟಿಸಿದ್ದರು.

ಅದಕ್ಕೆ ಇನ್ನೂ ಹತ್ತು ದಿನವಿತ್ತು. ಕಾರ್ತಿಕದ ಮಂಗಳವಾರ, ಹನ್ನೊಂದು ಗಂಟೆ ಇರಬಹುದು. ಎಣ್ಣೆ ನೀರು ಹಾಕಿಕೊಂಡು, ಬೀದಿಗೆ ಬೆನ್ನು ಮಾಡಿ, ಜಗಲಿಯಲ್ಲಿ ಕೂದಲು ಒಣಗಿಸುತ್ತ ಕೂತಿದ್ದೆ. ಬೀದಿ ಎಷ್ಟು ತಣ್ಣಗಿದೆ ಎಂದು ಸುಖಪಟ್ಟದ್ದೂ ನೆನಪಿದೆ. ತಿರುಗಿದಾಗ ಹದಿನೆಂಟರ ಮುಂದೆ ಜನ ಸೇರಿದ್ದರು. ಅಪ್ಪಾಜಿ ಶೆಡ್ಡಿನಲ್ಲಿ ಕುಸಿದು ಅರ್ಧ ಗಂಟೆಯಾಗಿತ್ತು. ಹಿಂದಿನ ಬೀದಿಯಿಂದ ಯಾರೋ ಬಂದು ಗಾಡಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮ್ಮ ಗಾಡಿ ನಮ್ಮ ಗೇಟಿನೊಳಗೇ ನಿಂತಿತ್ತು.

ನಾನು ಓಡಿದೆ. ಅಪ್ಪಾಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಚೆಲೂ ತಲೆಯೆತ್ತಿ ನೋಡಿದಳು.

“ಮೂರು ಸಲ ಕೂಗಿದೆ ಹೈಮೂ. ಅಪ್ಪಾಜಿನ ಬಿಟ್ಟು ಬರೋಕಾಗ್ದೆ ಗೇಟಿನ ಹತ್ರ ನಿಂತು ಕೂಗಿದೆ. ನೀನು ಕೂದಲು ಒದರ್ಕೊಂಡು ಕೂತಿದ್ದೆ.”

ಆಗ ನಾನೇನು ಮಾಡಬೇಕಿತ್ತು? ಏನು ಮಾಡಿದೆ? “ಕೇಳಿಸ್ಲೇ ಇಲ್ಲ ಕಣೆ, ನಿನ್ನಾಣೆಗೂ ಕೇಳಿಸ್ಲಿಲ್ಲ” ಎಂದು ನನ್ನ ಪರವಾಗಿ ವಾದಿಸಲು ಶುರುಮಾಡಿದೆ. ಅವಳು ಮುಖ ತಿರುಗಿಸಿದಳು. ಹನ್ನೊಂದನೇ ದಿನ ಮತ್ತೆ ಹೋದೆ. ಆ ಮಂಗಳವಾರವೇ ತೆರೆ ಹಾಕಿ ನೋಡಿರಬೇಕು, ಅಲೆ ಹೀಗೆ ಬರುತ್ತೆ, ಬಿಲ್ಲೆ ಹಾಗೆ ಮಾಡುತ್ತೆ ಎಂದು ವಿವರಿಸಿದೆ. ನಗರಸಭೆಯವರು ಪ್ರಯೋಗ ನಡೆದೇ ಇಲ್ಲ ಎಂದರು. ಚೆಲೂ ಪೂರ್ತಿ ಕೇಳಿ, ಬಾಗಿಲು ಹಾಕಿಕೊಂಡಳು. ಆಮೇಲೆ ಎದುರಾದರೆ ಒಂದು ತಲೆಯಾಡಿಕೆ. ಅಷ್ಟೇ. ಹತ್ತೊಂಬತ್ತು ವರ್ಷ.

ಎರಡು ವರ್ಷ ಕಳೆದ ಮೇಲೆ ನಾನು ತರಬೇತಿ ಪಡೆದು ನಗರಸಭೆಯ ತೆರೆ ನಿಯಂತ್ರಣ ಕೊಠಡಿಗೆ ಸೇರಿದೆ. ಮನೆಯಲ್ಲಿ ಬೇಜಾರು ಎಂದು ಎಲ್ಲರಿಗೂ ಹೇಳಿದೆ. ನಿಜಕ್ಕೂ ಸೇರಿದ್ದು ಆ ಮಂಗಳವಾರದ ದಾಖಲೆ ಹುಡುಕುವುದಕ್ಕೆ. ಪ್ರಯೋಗದ ಕಡತಗಳಿಗೆಲ್ಲ ಬೀಗ ಬಿದ್ದಿತ್ತು, ನನ್ನಂಥವರ ಕೈಗೆ ಸಿಗುವಂತಿರಲಿಲ್ಲ. ಸಿಕ್ಕಿದ್ದು ಇನ್ನೊಂದು. ಕೊಠಡಿಯ ಗೋಡೆಯ ಪರದೆಯ ಮೇಲೆ ಪ್ರತಿಯೊಂದು ತೆರೆಗೂ ಒಂದು ಹಸಿರು ಗೆರೆ ಓಡುತ್ತದೆ. ಆ ತೆರೆ ಈಗ ಎಷ್ಟು ಸದ್ದನ್ನು ಕೊಲ್ಲುತ್ತಿದೆ ಎಂಬ ಲೆಕ್ಕ ಅದು. ಸದ್ದನ್ನು ಕೇಳಿಸುವುದಿಲ್ಲ, ಏರಿಳಿತ ಮಾತ್ರ ತೋರಿಸುತ್ತದೆ. ದಿನವೂ ಬೆಳಿಗ್ಗೆ ಏಳೂವರೆಗೆ ಹದಿನೇಳು-ಹದಿನೆಂಟರ ಗೆರೆ ಐದಾರು ನಿಮಿಷ ಎತ್ತರಕ್ಕೆ ಏರಿ ಇಳಿಯುತ್ತಿತ್ತು. ಹಾಡೋ, ಮಾತೋ, ಫೋನೋ ತಿಳಿಯದು. ಬೆಳಗಿನ ಪಾಳಿಯನ್ನು ಯಾರಿಗೂ ಬಿಟ್ಟುಕೊಡದೆ ಹದಿನೇಳು ವರ್ಷ ನಾನು ಆ ಗೆರೆ ನೋಡಿದೆ. ಗೆಳತಿಯ ಧ್ವನಿಯನ್ನು ಕಣ್ಣಿನಿಂದ ನೋಡುವ ಪಾಡು ಯಾರಿಗೂ ಬೇಡ.

ಈ ವರ್ಷ ಅರುಂಧತಿ ಮೇಡಂ ಯೋಜನಾಧಿಕಾರಿಯಾಗಿ ಬಂದರು. ಬಂದ ವಾರವೇ ನಿಯಮಾವಳಿಯ ಆರು ಸಂಪುಟಗಳನ್ನು ಮೇಜಿನ ಮೇಲೆ ಪೇರಿಸಿ, “ಇದನ್ನ ಪೂರ್ತಿ ಓದಿದವರು ಈ ಕಟ್ಟಡದಲ್ಲಿ ಯಾರಾದ್ರೂ ಇದೀರಾ?” ಎಂದು ಕೇಳಿದರು. ಮೂರೇ ತಿಂಗಳಲ್ಲಿ ಅವರು ಅದನ್ನು ಹನ್ನೊಂದು ಪುಟಕ್ಕೆ ಇಳಿಸಿದರು. ಮುನ್ನೂರ ಹನ್ನೆರಡು ವಲಯಗಳ ಬದಲು ನಾಲ್ಕು: ಮನೆ, ಅಂಗಡಿ, ಕಾರ್ಖಾನೆ, ಬಯಲು. ಕಣ್ಣಿಗೆ ಕಂಡ ಸಾಮಾನು ನೋಡಿ ವಲಯ ಹೇಳುವಂತಿಲ್ಲ, ಸದ್ದನ್ನು ಅಳೆದು ಹೇಳಬೇಕು. ಎರಡೂ ಕಡೆಯ ಸದ್ದು ಹೆಚ್ಚುಕಡಿಮೆ ಒಂದೇ ಆಗಿದ್ದರೆ ತೆರೆ ತೆಗೆಯಬೇಕು. ಅಕ್ಕಪಕ್ಕದವರಲ್ಲಿ ಯಾರಿಗಾದರೂ ತೆರೆ ಉಳಿಯಲಿ ಎನಿಸಿದರೆ ಒಂದು ಸಾಲಿನ ಆಕ್ಷೇಪಣೆ ಸಾಕು. ಕಾರಣ ಕೊಡಬೇಕಿಲ್ಲ. “ಕಾರಣ ಕೇಳಿ ಕೇಳೀನೇ ಆರು ಸಂಪುಟ ಆಗಿದ್ದು” ಎಂದರು ಮೇಡಂ. ಜತೆಗೆ, ಪ್ರತಿ ತೆರೆಯ ಮೂಲ ಕಡತವನ್ನೂ ತೆರೆದು ನೋಡಬೇಕೆಂದು ಆದೇಶಿಸಿದರು.

ಬೀಗ ತೆಗೆದ ದಿನ ನಾನು ಮೊದಲು ತೆರೆದದ್ದು ನಮ್ಮ ಬೀದಿಯದನ್ನೇ. ಹದಿನೆಂಟನೇ ನಂಬರಿನ ಕಡತದ ಮೊದಲ ಹಾಳೆಯಲ್ಲಿ ಹೀಗಿತ್ತು: ‘ಲೇತ್ ಯಂತ್ರ ಒಂದು. ಹೂ, ಕುಂಕುಮ ಇರುವುದರಿಂದ ನಿತ್ಯ ಬಳಕೆಯಲ್ಲಿದೆಯೆಂದು ತಿಳಿಯಲಾಗಿದೆ.’ ಎರಡನೆಯ ಹಾಳೆಯಲ್ಲಿ ಆ ಮಂಗಳವಾರದ ತಾರೀಕು, ಕೆಳಗೆ ‘ಪ್ರಾಯೋಗಿಕ ಚಾಲನೆ, 10:40ರಿಂದ 12:15.’

ಪಕ್ಕದ ಕುರ್ಚಿಯ ಇಕ್ಬಾಲ್ ನನ್ನ ಮುಖ ನೋಡಿದ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನ ಕಥೆಯೆಲ್ಲ ಗೊತ್ತಿದ್ದವನು.

“ಸಿಕ್ತಾ ಹೈಮಕ್ಕ?”

“ಸಿಕ್ತು.”

“ಹಾಗಾದ್ರೆ ಯಾಕೆ ಅಳ್ತೀರಾ? ತಗೊಂಡ್ಹೋಗಿ ತೋರ್ಸಿ. ಹೆಂಗೂ ನಿಮ್ಮ ತೆರೆ ಮುಂದಿನ ತಿಂಗಳು ಹೋಗುತ್ತೆ.” ಅಷ್ಟು ಹೇಳಿದವನು ತನ್ನ ಪರದೆಯ ಕಡೆ ತಿರುಗಿದ. “ಅಕ್ಕಾ, ಈಗ ಬಂತು ನೋಡಿ. ಹದಿನೇಳು-ಹದಿನೆಂಟಕ್ಕೆ ಆಕ್ಷೇಪಣೆ ಬಿದ್ದಿದೆ” ಎಂದ.

ಯಾರು ಹಾಕಿದ್ದೆಂದು ಕೇಳಬೇಕಿರಲಿಲ್ಲ. ನಾನು ಹಾಕಿರಲಿಲ್ಲ.

ಅಂದು ಸಂಜೆ ಆ ಹಾಳೆ ಹಿಡಿದು ಹದಿನೆಂಟರ ಬಾಗಿಲು ತಟ್ಟಿದೆ. ಚೆಲೂ ತೆರೆದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ದಿನವೂ ದೂರದಿಂದ ನೋಡುತ್ತಿದ್ದ ಕೂದಲೇ, ಹತ್ತಿರದಿಂದ ನೋಡಿದ್ದು ಅಂದೇ. ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಮಡಚಿ, ನನಗೇ ವಾಪಸು ಕೊಟ್ಟಳು.

“ಇದು ನಂಗೆ ಗೊತ್ತಿತ್ತು ಕಣೆ.”

“ಗೊತ್ತಿತ್ತಾ?”

“ಡಿಸೆಂಬರ್ ಬಂತು, ತೆರೆ ಬಂತು. ಸೊಪ್ಪಿನವಳು ಕಣ್ಮುಂದೆ ಬಾಯಿ ತೆಗೀತಾಳೆ, ಸದ್ದಿಲ್ಲ. ಅವತ್ತೂ ಹಿಂಗೇ ಆಗಿರುತ್ತೆ ಅಂತ ಅರ್ಥ ಮಾಡ್ಕೊಳ್ಳದೇ ಇರೋಷ್ಟು ದಡ್ಡಿನಾ ನಾನು? ಮಕ್ಕಳಿಗೆ ವಿಜ್ಞಾನ ಹೇಳ್ಕೊಟ್ಟೋಳು.”

“ಮತ್ತೆ ಹತ್ತೊಂಬತ್ತು ವರ್ಷ…?”

“ನಾನು ಕಾರಣಕ್ಕೆ ಕಾಯ್ತಿರಲಿಲ್ಲ ಹೈಮವತಿ. ನೀನು ಎರಡು ಸಲವೂ ಕಾರಣಾನೇ ತಂದೆ. ಇದು ಮೂರನೇ ಸಲ.”

ಹೈಮೂ ಎನ್ನಲಿಲ್ಲ. ಪೂರ್ತಿ ಹೆಸರು. ಅದು ಬಾರುಕೋಲಿನಿಂದ ಹೊಡೆದಂತಿತ್ತು.

“ತೆರೆ ಯಾಕೆ ಬೇಕು ಅಂತ ಬರ್ಕೊಟ್ಟೆ?” ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ, ಹೊಸ ನಿಯಮದಲ್ಲಂತೂ ಇಲ್ಲವೇ ಇಲ್ಲ.

ಅವಳು ಶೆಡ್ಡಿನ ಕಡೆ ನೋಡಿದಳು. “ಬೆಳಿಗ್ಗೆ ಏಳೂವರೆಗೆ ಅಲ್ಲಿಗೆ ಹೋಗ್ತೀನಿ. ಲೇತ್ ಒರಸ್ಕೊಂಡು ಅಪ್ಪಾಜಿ ಜೊತೆ ಜಗಳ ಆಡ್ತೀನಿ, ಅಳ್ತೀನಿ. ಗಟ್ಟಿಯಾಗಿ ಅಳ್ತೀನಿ. ಯಾರಿಗೂ ಕೇಳಲ್ಲ ಅನ್ನೋ ಧೈರ್ಯಕ್ಕೇ ಅಳೋದು. ಅದನ್ನೂ ತಗೊಂಡ್ಹೋಗ್ತೀರಾ ನೀವು?”

ಆ ಹಸಿರು ಗೆರೆ ನೆನಪಾಯಿತು. ಹದಿನೇಳು ವರ್ಷ ನಾನು ಕಾಫಿ ಕುಡಿಯುತ್ತ ಆಸೆಯಿಂದ ನೋಡಿದ್ದು ಅವಳ ಅಳುವನ್ನು. ಹಾಳೆ ಹಿಡಿದುಕೊಂಡು ಬೀದಿ ದಾಟಿ ವಾಪಸು ಬಂದೆ.

ಹೊಸ ನಿಯಮ ಜಾರಿಯಾಗುವ ಮುನ್ನ ಇಡೀ ಊರಿನ ಸಹಜ ಸದ್ದನ್ನು ಅಳೆಯಬೇಕಿತ್ತು. ಅದಕ್ಕಾಗಿ ಒಂದು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಎಲ್ಲ ತೆರೆಗಳನ್ನೂ ಇಳಿಸುವುದೆಂದು ನಿರ್ಧಾರವಾಯಿತು. ಆಕ್ಷೇಪಣೆ ಇದ್ದ ತೆರೆಗಳೂ ಆ ಒಂದು ಗಂಟೆ ಇಳಿಯುತ್ತವೆ. ಹನ್ನೊಂದಕ್ಕೆ ಅವು ಮತ್ತೆ ಏಳುತ್ತವೆ, ಆಮೇಲೆ ಇಳಿಯುವುದಿಲ್ಲ.

ಅಂದು ಕೊಠಡಿಯಲ್ಲಿ ಪಾಳಿ ನನ್ನದೇ. ಒಂಬತ್ತೂವರೆಗೆ ಇಕ್ಬಾಲ್ ನನ್ನ ಕುರ್ಚಿಯ ಹಿಂದೆ ಬಂದು ನಿಂತ.

“ಏಳಿ ಅಕ್ಕ. ಗುಂಡಿ ಒತ್ತೋಕೆ ಒಂದು ಬೆರಳು ಸಾಕು, ನನ್ನ ಹತ್ರ ಹತ್ತು ಇದಾವೆ.”

“ಮೇಡಂ ಕೇಳಿದ್ರೆ?”

“ಕಾರಣ ಕೇಳಬಾರದು ಅಂತ ಅವರೇ ಬರೆದಿದಾರಲ್ಲ. ಹೋಗಿ.”

ಮನೆಗೆ ಬಂದು ಜಗಲಿಯಲ್ಲಿ ನಿಂತೆ. ಬೀದಿಯವರೆಲ್ಲ ಗೇಟಿಗೆ ಬಂದಿದ್ದರು. ಹತ್ತು ಗಂಟೆಗೆ ಸದ್ದು ಬಂತು. ಮೊದಲು ಎದುರು ಸಾಲಿನ ಕುಕ್ಕರುಗಳು, ಆಮೇಲೆ ನಾಯಿಗಳು, ಆಮೇಲೆ ಹತ್ತೊಂಬತ್ತು ವರ್ಷ ಮೂಕಿಚಿತ್ರದಂತಿದ್ದ ಬಾಯಿಗಳೆಲ್ಲ ಒಟ್ಟಿಗೆ. ನಮ್ಮ ಯಜಮಾನರು ಹಿತ್ತಲಲ್ಲಿ ಗಂಟಲು ತೊಳೆಯುವ ಆರ್ಭಟಕ್ಕೆ ಎದುರು ಬೀದಿಯ ಕೂಸೊಂದು ಬೆಚ್ಚಿ ಅತ್ತಿತು. “ಇದೇನ್ರೀ ನಿಮ್ಮನೇಲಿ ಹುಲಿ ಸಾಕಿದೀರಾ?” ಎಂದು ಮೂಲೆಮನೆಯವರು ಕೂಗಿದರು, ಬೀದಿಯೆಲ್ಲ ನಕ್ಕಿತು. ಕೆಲವರು ಸುಮ್ಮನೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಹದಿನೆಂಟರ ಕಿಟಕಿ ಬಾಗಿಲುಗಳು ಮುಚ್ಚಿದ್ದವು. ಒಳಗಿನಿಂದ ಒಂದು ಲೋಟ ಇಟ್ಟ ಸದ್ದೂ ಇಲ್ಲ. ಯಾರಿಗೂ ಕೇಳದಿದ್ದಾಗ ಗಟ್ಟಿಯಾಗಿ ಅಳುವವಳು, ಎಲ್ಲರಿಗೂ ಕೇಳುವಾಗ ಉಸಿರು ಬಿಗಿಹಿಡಿದು ಕೂತಿದ್ದಳು.

ಹತ್ತೂಕಾಲಾಯಿತು, ಹತ್ತೂವರೆಯಾಯಿತು. ನಾನು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ತಪ್ಪಾಯ್ತು ಕಣೆ, ಯಾಕಂದ್ರೆ. ಅವತ್ತು ನಾನು, ಯಾಕಂದ್ರೆ. ಎಷ್ಟು ಸಲ ಜೋಡಿಸಿದರೂ ಮೂರನೇ ಪದಕ್ಕೆ ಒಂದು ಯಾಕಂದ್ರೆ ಬಂದು ಕೂರುತ್ತಿತ್ತು. ಹತ್ತೂ ಐವತ್ತಕ್ಕೆ ನನಗೆ ಅಳುವೇ ಬಂತು. ಇಷ್ಟು ವರ್ಷ ದಾಖಲೆ ಹುಡುಕಿದೆನಲ್ಲ, ಪುರಾವೆ ಹುಡುಕಿದೆನಲ್ಲ ಮಂಕುದಿಣ್ಣೆ! ಅವಳು ನನ್ನನ್ನು ಪ್ರಶ್ನೆ ಕೇಳಿರಲಿಲ್ಲ. ಕೂಗಿದ್ದಳು. ಕೂಗಿದವರಿಗೆ ವಿವರಣೆ ಕೊಡುವುದಿಲ್ಲ, ಓಗೊಡುತ್ತಾರೆ. ಮನೆಯ ಮಕ್ಕಳಿಗೂ ಗೊತ್ತಿರುವ ಇಷ್ಟು ವಿಷಯ ನನಗೆ ಹತ್ತೊಂಬತ್ತು ವರ್ಷ ಹೊಳೆದಿರಲಿಲ್ಲ.

ಗೇಟಿಗೆ ಹೋಗಿ, ಎರಡೂ ಕೈಯಲ್ಲಿ ಸರಳು ಹಿಡಿದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಕೂಗಿದೆ.

“ಬಂದೇ ಚೆಲೂ!”

ಬೀದಿ ತಿರುಗಿ ನೋಡಿತು. ಯಜಮಾನರು ಟವೆಲ್ ಹಿಡಿದುಕೊಂಡೇ ಓಡಿಬಂದರು.

“ಬಂದೇ! ಬಂದೇ ಕಣೇ!”

ಮೂರು ಸಲ ಕೂಗಿದ್ದಳು, ಮೂರು ಸಲ ಓಗೊಟ್ಟೆ. ಎಷ್ಟು ಹೊತ್ತಾಯಿತೋ ತಿಳಿಯದು. ಕೊನೆಗೆ ಅವಳ ಅಡುಗೆಮನೆಯ ಕಿಟಕಿಯ ಅಗುಳಿ ಕಿರುಗುಟ್ಟಿತು. ಒಂದು ರೆಕ್ಕೆ ತೆರೆಯಿತು. ಮುಖ ಕಾಣಲಿಲ್ಲ. ಧ್ವನಿ ಮಾತ್ರ ಬಂತು, ಒಡೆದ, ಮುದಿಯಾದ ಧ್ವನಿ, ಆದರೆ ಅವಳದೇ.

“ಎಷ್ಟೊತ್ತೇ ಬರೋದು ಹೈಮೂ!”

ಚಪ್ಪಲಿ ಹುಡುಕಲಿಲ್ಲ. ಬರಿಗಾಲಲ್ಲಿ ಹೋದೆ. ಬಾಗಿಲು ತೆಗೆದಿತ್ತು. ಅವಳು ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕೂತು ಅವಳ ತಲೆಯನ್ನು ಹೆಗಲಿಗೆ ಎಳೆದುಕೊಂಡೆ. ನಾನು ಒಂದು ಮಾತೂ ಆಡಲಿಲ್ಲ.

ಹನ್ನೊಂದಾಯಿತು. ಕಿಟಕಿಯಾಚೆ ನಮ್ಮ ಮನೆಯ ಕಡೆಯ ಸದ್ದೆಲ್ಲ ಒಂದೇ ಸಲಕ್ಕೆ ನಿಂತಿತು. ಅವಳ ತೆರೆ ಅವಳಿಗೆ ವಾಪಸು ಬಂದಿತ್ತು. ಆಗ ಅವಳು ಬಾಯಿಬಿಟ್ಟು, ಗಟ್ಟಿಯಾಗಿ ಅಳತೊಡಗಿದಳು. ಈ ಸಲ ಅದು ನನಗೆ ಕೇಳಿಸುತ್ತಿತ್ತು.